ಪಿಟೀಲು ಕೇಳಿಸ್ತಾ ಇದೆಯೇನ್ರೀ?

ನಮ್ಮ ಕಡೆ ಯಾರಾದರೂ ಮಾತು ಉದ್ದ ಎಳೆದರೆ 'ಸಾಕು ಮಾರಾಯ, ಪಿಟೀಲು ಕುಯ್ಯಬೇಡ' ಅಂತಾರೆ. ತಬಲಾ ಬಡಿಯಬೇಡ ಅನ್ನೋದಿಲ್ಲ, ಕೊಳಲು ಊದಬೇಡ ಅನ್ನೋದಿಲ್ಲ. ಪಾಪದ ಪಿಟೀಲಿನ ಮೇಲೇ ಯಾಕಪ್ಪ ಈ ಸಿಟ್ಟು? ಹದಿನೇಳನೇ ವಯಸ್ಸಿನಲ್ಲಿ ನಿಜವಾಗಿಯೂ ಪಿಟೀಲು ಕುಯ್ದು ನಾಲ್ಕು ಕಾಸು ನೋಡಿದವನು ನಾನು. ಈ ಮಾತು ಕೇಳಿದಾಗಲೆಲ್ಲ ಮೈ ಉರಿಯುತ್ತೆ. ಈ ವಾರ ಸಂಪಾದಕರು ಏನೋ ಉದಾರ ಮನಸ್ಸಿನಲ್ಲಿದ್ದರು, ಪುಟ ಬಿಟ್ಟುಕೊಟ್ಟಿದ್ದಾರೆ. ಓದುಗ ಮಿತ್ರರೇ, ನಿಮ್ಮ ಬಸ್ಸು ಹೊರಡುವವರೆಗೆ ದಯವಿಟ್ಟು ಸಹಿಸಿಕೊಳ್ಳಿ. ಇವತ್ತು ನಾನು ಕುಯ್ಯೋದು ಪಿಟೀಲೇ!

ನಾಯಕರ ಮುನಿಸು, ನಾಯಕಿಯರ ಮದುವೆ ಬರೆದು ಹೊಟ್ಟೆ ಹೊರೆಯುವ ನನಗೆ ಇಂಗ್ಲೆಂಡಿನ ರಾಕ್ ಸಂಗೀತದ ಗೀಳು ಎಲ್ಲಿಂದ ಅಂಟಿತು ಅಂತೀರಾ? ಅದಕ್ಕೂ ಸಿನಿಮಾನೇ ಕಾರಣ. 2018ರಲ್ಲಿ 'ಮ್ಯಾಂಡಿ' ಅಂತ ಒಂದು ಇಂಗ್ಲಿಷ್ ಚಿತ್ರ ಬಂತು. ನಿಕೊಲಸ್ ಕೇಜ್ ನಾಯಕ. ರಕ್ತ, ಬೆಂಕಿ, ಮೋಟಾರು ಗರಗಸ ಹಿಡಿದು ಹೊಡೆದಾಟ... ಹೆಂಗಸರು ಮಕ್ಕಳ ಜೊತೆ ನೋಡುವಂಥದ್ದಲ್ಲ. ಒಂದು ಲೇಖನಕ್ಕೆ ಬೇಕಿತ್ತು ಅಂತ ರಾತ್ರಿ ಮೊಬೈಲಿನಲ್ಲೇ ಹಾಕಿಕೊಂಡು ಕೂತೆ. ಶುರುವಿನಲ್ಲಿ ಕಾಡು, ಹೆಸರುಗಳು, ಹಿಂದೆ ಒಂದು ಹಾಡು. ಆ ಹಾಡಿನ ಮೊದಲ ಸಾಲನ್ನು ಗಿಟಾರು ಎಳೆದ ರೀತಿಗೆ ನನ್ನ ಎಡಗೈ ಬೆರಳು ತಾನಾಗಿಯೇ ಅಲುಗಾಡಿತು. ಅದು ಗಿಟಾರಿನವನು ಯೋಚಿಸುವ ಸಾಲಲ್ಲ. ಕಮಾನು ಹಿಡಿದವನ ಸಾಲು. ಒಂದು ಸ್ವರದಿಂದ ಇನ್ನೊಂದಕ್ಕೆ ಉಸಿರು ಬಿಡದೆ ಜಾರುವ ಸಾಲು. ಸಿನಿಮಾ ಅಲ್ಲಿಗೇ ನಿಲ್ಲಿಸಿ ಹಾಡು ಯಾವುದು ಅಂತ ಹುಡುಕಿದೆ. ಕಿಂಗ್ ಕ್ರಿಮ್ಸನ್ ಅನ್ನೋ ತಂಡದ 'ಸ್ಟಾರ್‌ಲೆಸ್'. 1974ರ 'ರೆಡ್' ಆಲ್ಬಮ್ಮಿನದು.

ಹುಡುಕುತ್ತಾ ಹೋದರೆ ಸಿಕ್ಕಿದ್ದೇನು ಗೊತ್ತೇ? ಆ ಸಾಲು ಮೊದಲು ಪಿಟೀಲಿನದೇ! 1974ರ ಮಾರ್ಚಿನಿಂದ ಜೂನ್ ತನಕ ಊರೂರು ಕಛೇರಿಗಳಲ್ಲಿ ಅದನ್ನು ನುಡಿಸುತ್ತಿದ್ದವನು ತಂಡದ ಪಿಟೀಲುಗಾರ ಡೇವಿಡ್ ಕ್ರಾಸ್. ರೆಕಾರ್ಡು ಮಾಡುವ ಹೊತ್ತಿಗೆ ಕ್ರಾಸ್ ತಂಡದಲ್ಲಿ ಇರಲಿಲ್ಲ. ಗಿಟಾರಿನ ರಾಬರ್ಟ್ ಫ್ರಿಪ್ ಅದನ್ನು ಚೂರುಪಾರು ಬದಲಾಯಿಸಿ ತಾನೇ ನುಡಿಸಿಬಿಟ್ಟ.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಯಾಕೆ ಅಂತ ಹೇಳಬೇಕಾದರೆ ನನ್ನ ಆರ್ಕೆಸ್ಟ್ರಾ ಪುರಾಣ ಹೇಳಲೇಬೇಕು.

ತುಮಕೂರಿನಲ್ಲಿ ಎಂಟನೇ ವಯಸ್ಸಿಗೆ ಮೇಷ್ಟ್ರ ಮುಂದೆ ಚಕ್ಕಳಮಕ್ಕಳ ಹಾಕಿ ಸರಳೆ ವರಸೆ ಶುರು ಮಾಡಿದವನು ನಾನು. ಎರಡನೇ ಪಿಯುಸಿಗೆ ಬರುವಷ್ಟರಲ್ಲಿ ಒಂದು ಆರ್ಕೆಸ್ಟ್ರಾಕ್ಕೆ ಸೇರಿಕೊಂಡಿದ್ದೆ. ಹೆಸರು ಬೇಡ ಬಿಡಿ. ಗಣೇಶನ ಹಬ್ಬ, ಊರಹಬ್ಬ, ಆರತಕ್ಷತೆ, ರಾಜ್ಯೋತ್ಸವ. ರಾತ್ರಿಗೆ ಐನೂರು ರೂಪಾಯಿ, ಊಟ, ಬರುವಾಗ ವ್ಯಾನಿನಲ್ಲಿ ನಿದ್ದೆ. ಅರ್ಥಶಾಸ್ತ್ರದ ಪರೀಕ್ಷೆ ನಡೆಯುತ್ತಿದ್ದ ಬೆಳಿಗ್ಗೆ ನಾನು ವ್ಯಾನಿನ ಹಿಂದಿನ ಸೀಟಿನಲ್ಲಿ ಗೊರಕೆ ಹೊಡೀತಿದ್ದೆ. ಕಾಲೇಜಿಗೆ ಅಲ್ಲಿಗೇ ಮಂಗಳ. ಅಪ್ಪ ಮೂರು ತಿಂಗಳು ಮಾತು ಬಿಟ್ಟರು.

ಇಷ್ಟೆಲ್ಲ ಕಳಕೊಂಡು ಸೇರಿದೆನಲ್ಲ, ವೇದಿಕೆ ಮೇಲೆ ನನ್ನ ಗತಿ ಏನು? ಎಡಕ್ಕೆ ಡ್ರಮ್ಸು, ಬಲಕ್ಕೆ ಬೇಸ್ ಗಿಟಾರು, ಹಿಂದೆ ಆಳೆತ್ತರದ ಸ್ಪೀಕರು. ಪಿಟೀಲು ಅಂದರೆ ಟೊಳ್ಳು ಮರದ ಪೆಟ್ಟಿಗೆ ತಾನೇ. ಅದಕ್ಕೊಂದು ಸಣ್ಣ ಮೈಕು ಅಂಟಿಸಿ ದನಿ ಏರಿಸಿದರೆ ಸ್ಪೀಕರಿನ ಸದ್ದು ಪೆಟ್ಟಿಗೆಯೊಳಗೇ ಹೊಕ್ಕು, ಮತ್ತೆ ಮೈಕಿಗೆ ಬಂದು, ಮತ್ತೆ ಸ್ಪೀಕರಿಗೆ ಹೋಗಿ 'ಕುಂಯ್ಯ್' ಅಂತ ಕಿರುಚುತ್ತೆ. ಸೌಂಡಿನವನು ಬೈದುಕೊಂಡು ನನ್ನ ಗುಂಡಿ ಇಳಿಸುತ್ತಿದ್ದ. ಒಂದು ದಿನ ಕೀಬೋರ್ಡಿನವನು ಒಂದು ಗುಂಡಿ ಒತ್ತಿ ಇಪ್ಪತ್ತು ಪಿಟೀಲು ಒಟ್ಟಿಗೆ ನುಡಿಸಿದಂಥ ದನಿ ತೆಗೆದ. ಯಜಮಾನರಿಗೆ ಖುಷಿಯೋ ಖುಷಿ. ನನ್ನನ್ನು ಬಿಡಿಸಲಿಲ್ಲ ಅವರು. 'ನೀನು ನಿಂತ್ಕೊಂಡು ಕಮಾನು ಆಡಿಸ್ತಿರು, ಸ್ಟೇಜು ತುಂಬಿದಂಗೆ ಕಾಣುತ್ತೆ' ಅಂದರು. ಮೈಕಿನ ತಂತಿ ನನ್ನ ಪಿಟೀಲಿನಿಂದ ಹೊರಟು ಎಲ್ಲಿಗೂ ಹೋಗುತ್ತಿರಲಿಲ್ಲ. ಹನ್ನೊಂದು ತಿಂಗಳು ಹಾಗೆ ನಿಂತೆ ಸ್ವಾಮಿ. ಸಿನಿಮಾದವರ ನಟನೆ ಬಗ್ಗೆ ಈಗ ಕೊಂಕು ಬರೆಯುವ ನಾನು ಹನ್ನೊಂದು ತಿಂಗಳು ಮೂಕ ನಟ!

ಇರಲಿ. ಕ್ರಾಸ್ ಕಥೆಗೆ ಬರೋಣ.

ಅರವತ್ತರ ದಶಕದ ಕೊನೆಗೆ ಇಂಗ್ಲೆಂಡಿನ ಹುಡುಗರಿಗೆ ಮೂರು ನಿಮಿಷದ ಹಾಡು ಬೇಸರ ಬಂತು. ಹತ್ತು ನಿಮಿಷ, ಇಪ್ಪತ್ತು ನಿಮಿಷ, ಕೆಲವೊಮ್ಮೆ ರೆಕಾರ್ಡಿನ ಒಂದಿಡೀ ಮಗ್ಗುಲು ಒಂದೇ ಹಾಡು. ಅದರೊಳಗೆ ಅವರ ಶಾಸ್ತ್ರೀಯ ಸಂಗೀತವೂ ಉಂಟು, ಜಾಸೂ ಉಂಟು, ತಲೆ ಗಿರ್ರೆನ್ನಿಸುವ ತಾಳದ ಲೆಕ್ಕವೂ ಉಂಟು. ಇದಕ್ಕೆ ಪ್ರೋಗ್ರೆಸಿವ್ ರಾಕ್ ಅಂತ ಹೆಸರು ಬಿತ್ತು. ಹೀಗೆ ಬಾಗಿಲು ತೆಗೆದಾಗಲೇ ಪಿಟೀಲಿಗೂ ಒಳಗೆ ಜಾಗ ಸಿಕ್ಕಿದ್ದು.

ಮೊದಲು ನುಗ್ಗಿದವರಲ್ಲಿ ಡ್ಯಾರಿಲ್ ವೇ ಒಬ್ಬ. ಲಂಡನ್ನಿನ ರಾಯಲ್ ಕಾಲೇಜ್ ಆಫ್ ಮ್ಯೂಸಿಕ್‌ನಲ್ಲಿ ಕಲಿತವನು, ಕರ್ವ್ಡ್ ಏರ್ ತಂಡ ಕಟ್ಟಿದವರಲ್ಲಿ ಒಬ್ಬ. 1970ರ ಮೊದಲ ಆಲ್ಬಮ್ಮಿನಲ್ಲೇ 'ವಿವಾಲ್ಡಿ' ಅಂತ ಒಂದು ತುಣುಕಿದೆ. ಹಳೇ ಇಟಲಿಯ ಸಂಗೀತಗಾರನ ಹೆಸರಿನಲ್ಲಿ ಆಧುನಿಕ ಗದ್ದಲ. ನನಗೆ ಅದು ಸ್ವಲ್ಪ ಜಂಭದ ಕಛೇರಿ ಅನ್ನಿಸುತ್ತೆ. ಎರಡು ಸಲಕ್ಕಿಂತ ಹೆಚ್ಚು ಕೇಳಿಲ್ಲ. ಅವನು ಬಿಟ್ಟ ಜಾಗಕ್ಕೆ ಬಂದವನು ಎಡ್ಡಿ ಜಾಬ್ಸನ್. ಹದಿನೇಳು ವರ್ಷ ಆಗ ಅವನಿಗೆ. ನಾನು ವ್ಯಾನಿನಲ್ಲಿ ಮಲಗುತ್ತಿದ್ದ ವಯಸ್ಸು! ಈ ಜಾಬ್ಸನ್ನನದು ಗಾಜಿನಂತೆ ಪಾರದರ್ಶಕವಾದ ಪಿಟೀಲು. ದೀಪ ಬಿದ್ದರೆ ಒಳಗಿಂದಲೇ ಹೊಳೆಯುತ್ತೆ. ನಮ್ಮ ಯಜಮಾನರು ನೋಡಿದ್ದರೆ ನನಗೂ ಒಂದು ಕೊಡಿಸುತ್ತಿದ್ದರೋ ಏನೋ, ತಂತಿ ಮಾತ್ರ ಇಲ್ಲದೆ. ಜಾಬ್ಸನ್ ಆಮೇಲೆ ರಾಕ್ಸಿ ಮ್ಯೂಸಿಕ್, ಫ್ರ್ಯಾಂಕ್ ಜಾಪಾ, ಯು.ಕೆ., ಜೆಥ್ರೋ ಟಲ್ ಅಂತ ಹೋದಲ್ಲೆಲ್ಲ ಗೆದ್ದವನು. ಗೆಲ್ಲುವವರನ್ನು ನಾನು ಮೆಚ್ಚುತ್ತೇನೆ, ಪ್ರೀತಿಸೋದು ಸ್ವಲ್ಪ ಕಷ್ಟ.

ಫ್ರಾನ್ಸಿನ ಜ್ಯಾಂ ಲ್ಯೂಕ್ ಪಾಂಟಿ ಇದ್ದಾನೆ. ಕೈ ಅಂದರೆ ಕೈ! ಪ್ಯಾರಿಸ್ಸಿನ ಸಂಗೀತ ಶಾಲೆಯಲ್ಲಿ ಮೊದಲ ಬಹುಮಾನ ಗಿಟ್ಟಿಸಿ, ಜಾಸಿಗೆ ಹಾರಿ, 1969ರಲ್ಲಿ ಜಾಪಾನ 'ಹಾಟ್ ರ‍್ಯಾಟ್ಸ್'ನಲ್ಲಿ ನುಡಿಸಿದವನು. ಜಾನ್ ಮೆಕ್‌ಲಾಫ್ಲಿನ್ನನ ಮಹಾವಿಷ್ಣು ಆರ್ಕೆಸ್ಟ್ರಾದಲ್ಲಿ 1971ರಿಂದ ಜೆರ್ರಿ ಗುಡ್‌ಮನ್ ಇದ್ದ, ಅವನ ನಂತರ ಪಾಂಟಿ ಬಂದ. ಗುಡ್‌ಮನ್ ಗಿಟಾರಿನ ಜೊತೆ ಓಟದ ಪಂದ್ಯಕ್ಕೆ ಬಿದ್ದಂತೆ ನುಡಿಸುತ್ತಾನೆ. ಕೇಳುವವನಿಗೇ ಏದುಸಿರು.

ಆದರೆ ಓದುಗರೇ, ಪಿಟೀಲು ಅಂದರೆ ಕಣ್ಣು ಒದ್ದೆ ಆಗಬೇಕು ಅನ್ನುವವರು ನೀವಾದರೆ ಅಮೆರಿಕದ ಕ್ಯಾನ್ಸಾಸ್ ತಂಡದ ರಾಬಿ ಸ್ಟೈನ್‌ಹಾರ್ಟ್‌ನನ್ನು ಕೇಳಿ. ಗಡ್ಡ, ಉದ್ದ ಕೂದಲು, ಕುಸ್ತಿ ಪೈಲ್ವಾನನ ಮೈಕಟ್ಟು. 1977ರ 'ಡಸ್ಟ್ ಇನ್ ದ ವಿಂಡ್' ಹಾಡು ಅವರಿಗೆ ಹೆಸರು ತಂದಿತು, ಮಾರನೇ ವರ್ಷ ಅಮೆರಿಕದ ಪಟ್ಟಿಯಲ್ಲಿ 6ನೇ ಜಾಗಕ್ಕೆ ಏರಿತು. ಅದು ಹುಟ್ಟಿದ್ದು ಹೇಗೆ ಅಂದರೆ, ಗಿಟಾರಿನ ಕೆರ್ರಿ ಲಿವ್‌ಗ್ರೆನ್ ಬೆರಳು ಪಳಗಿಸಲು ನುಡಿಸುತ್ತಿದ್ದ ಪಾಠವನ್ನು ಅವನ ಹೆಂಡತಿ ಕೇಳಿ 'ಇದಕ್ಕೆ ಮಾತು ಹಾಕಿ, ಚೆನ್ನಾಗಿದೆ' ಅಂದಳಂತೆ. ಮನೆಯವರ ಮಾತು ಕೇಳಿದರೆ ಕೆಡುಕಿಲ್ಲ ನೋಡಿ! ಆ ಹಾಡಿನ ಗುಟ್ಟು ನನಗೆ ಹೊಳೆದದ್ದು ಹತ್ತಾರು ಸಲ ಕೇಳಿದ ಮೇಲೆ. ಅದರಲ್ಲಿ ಡ್ರಮ್ಸೇ ಇಲ್ಲ! ಎಲ್ಲರೂ ಸರಿದು ಜಾಗ ಬಿಟ್ಟಿದ್ದಾರೆ. ನಡುವೆ ಸ್ಟೈನ್‌ಹಾರ್ಟ್ ಬಂದು ಅವಸರವಿಲ್ಲದೆ ನಾಲ್ಕು ಮಾತಾಡಿ ಹೋಗುತ್ತಾನೆ. 2021ರ ಜುಲೈನಲ್ಲಿ ತೀರಿಕೊಂಡ. ಸುದ್ದಿ ಓದಿದ ದಿನ ನಾನು ಹೋಟೆಲಿನಲ್ಲಿ ಕೂತು, ಕಾಫಿ ಆರಿಹೋದದ್ದು ಗೊತ್ತಾಗದೆ ಅದೇ ಹಾಡು ಹಾಕಿಕೊಂಡಿದ್ದೆ.

ಪಿಟೀಲು ಕೇಳಿಸದ ಈ ಸಂಕಟ ರಾಕಿನವರದು ಮಾತ್ರವೇನೂ ಅಲ್ಲ. ನಮ್ಮ ಮೈಸೂರು ಟಿ. ಚೌಡಯ್ಯನವರು ಮೈಕಿಲ್ಲದ ಕಾಲದಲ್ಲಿ, ಹಿಂದಿನ ಸಾಲಿನವರಿಗೂ ಮುಟ್ಟಲಿ ಅಂತ ನಾಲ್ಕು ತಂತಿಗೆ ಇನ್ನೂ ಮೂರು ಸೇರಿಸಿ ಏಳು ತಂತಿಯ ಪಿಟೀಲು ಮಾಡಿಕೊಂಡವರು. ಸಿನಿಮಾ ಪತ್ರಿಕೆ ಓದುವವರಿಗೆ ಇನ್ನೊಂದು ಮಾತು: 1943ರ 'ವಾಣಿ' ಚಿತ್ರದ ನಿರ್ಮಾಪಕರೂ ಅವರೇ. ಮೇಷ್ಟ್ರು ಈ ಏಳು ತಂತಿ ಕಥೆ ಹೇಳಿದಾಗ ನಾನು ಹುಡುಗ, ನಕ್ಕಿದ್ದೆ. ವೇದಿಕೆ ಹತ್ತಿದ ಮೇಲೆ ನಗು ಬರಲಿಲ್ಲ.

ಡೇವಿಡ್ ಕ್ರಾಸ್‌ಗೆ ಏಳು ತಂತಿಯೂ ಸಾಲುತ್ತಿರಲಿಲ್ಲ. 1972ರಲ್ಲಿ ಅವನು ಕಿಂಗ್ ಕ್ರಿಮ್ಸನ್ ಸೇರಿದಾಗ ತಂಡದಲ್ಲಿ ಮೆಲ್ಲನೆ ನುಡಿಯುವುದಕ್ಕೂ ಜಾಗ ಇತ್ತು. 1973ರ 'ಲಾರ್ಕ್ಸ್ ಟಂಗ್ಸ್ ಇನ್ ಆಸ್ಪಿಕ್' ಕೇಳಿದರೆ ಗೊತ್ತಾಗುತ್ತೆ. ಗುಡುಗಿನ ಮಧ್ಯೆ ಪಿಟೀಲು ಒಂಟಿಯಾಗಿ ಮಾತಾಡುವ ಎಡೆಗಳಿವೆ. ಆದರೆ ಊರೂರು ಸುತ್ತುತ್ತಾ ಹೋದಂತೆ ಜಾನ್ ವೆಟನ್ನನ ಬೇಸು, ಬಿಲ್ ಬ್ರುಫರ್ಡ್‌ನ ಡ್ರಮ್ಸು ರಾತ್ರಿಯಿಂದ ರಾತ್ರಿಗೆ ಜೋರಾಯಿತು. ಫ್ರಿಪ್‌ಗೆ ಗಿಟಾರಿದೆ, ಗುಂಡಿ ತಿರುಗಿಸಿದರೆ ಆಯಿತು. ಪಿಟೀಲಿನವನು ಏನು ಮಾಡಬೇಕು?

ಇನ್ನೊಂದು ತಮಾಷೆ ಇದೆ, ನನಗೆ ಮಾತ್ರ ತಮಾಷೆ ಅನ್ನಿಸಲಿಲ್ಲ. ಆ ಕಾಲದಲ್ಲಿ ಮೆಲೊಟ್ರಾನ್ ಅನ್ನುವ ವಾದ್ಯ ಇತ್ತು. ನೋಡಲು ಹಾರ್ಮೋನಿಯಮ್ಮಿನ ಅಣ್ಣ. ಪ್ರತಿ ಮನೆಯ ಕೆಳಗೂ ಒಂದು ಟೇಪಿನ ತುಂಡು, ಅದರಲ್ಲಿ ಮೊದಲೇ ರೆಕಾರ್ಡು ಮಾಡಿಟ್ಟ ಪಿಟೀಲುಗಳ ದನಿ. ಒತ್ತಿದರೆ ಎಂಟು ಸೆಕೆಂಡಿನಷ್ಟು ನುಡಿದು ಟೇಪು ಮುಗಿಯುತ್ತೆ. ನಮ್ಮ ಕೀಬೋರ್ಡಿನವನ ಆ ಗುಂಡಿಗೆ ಇದೇ ಮುತ್ತಜ್ಜ! ಕ್ರಾಸ್ ಅಪ್ಪಟ ಪಿಟೀಲುಗಾರ, ವೇದಿಕೆಯಲ್ಲಿ ಎಷ್ಟೋ ಹೊತ್ತು ಆ ಮೆಲೊಟ್ರಾನ್ ಮುಂದೆ ಕೂತು ಸುಳ್ಳು ಪಿಟೀಲು ಒತ್ತಬೇಕಾಗಿತ್ತು.

1974ರ ಜುಲೈ 1, ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿ ಕಛೇರಿ. ಅದೇ ಕ್ರಾಸ್‌ಗೆ ಕೊನೆಯದು. ಅವನಿಲ್ಲದೆ ಉಳಿದ ಮೂವರು 'ರೆಡ್' ಮಾಡಿದರು, ಆ ಆಲ್ಬಮ್ಮು ಅಂಗಡಿಗೆ ಬರುವ ಮೊದಲೇ ಫ್ರಿಪ್ ತಂಡವನ್ನೇ ಮುಚ್ಚಿದ. ಮಾರನೇ ವರ್ಷ ಆ ಅಮೆರಿಕ ಕಛೇರಿಗಳ ಟೇಪಿನಿಂದ 'ಯು.ಎಸ್.ಎ.' ಅಂತ ರೆಕಾರ್ಡು ತಂದರು. ಅದರಲ್ಲಿ ಎರಡು ಹಾಡಿನ ಪಿಟೀಲನ್ನು ಸ್ಟುಡಿಯೋದಲ್ಲಿ ಹೊಸದಾಗಿ ನುಡಿಸಿ ಸೇರಿಸಿದವನು ಯಾರು? ಗಾಜಿನ ಪಿಟೀಲಿನ ಎಡ್ಡಿ ಜಾಬ್ಸನ್! ಜಾಬ್ಸನ್ನನ ತಪ್ಪೇನಿಲ್ಲ, ಕರೆದರು, ನುಡಿಸಿದ. ಆದರೂ ನನಗೆ ಆ ರೆಕಾರ್ಡು ಕೇಳಿದಾಗಲೆಲ್ಲ ನಮ್ಮ ಯಜಮಾನರ ಮುಖವೇ ಕಣ್ಣ ಮುಂದೆ ಬರುತ್ತೆ.

ಹಾಗಂತ ಕ್ರಾಸ್ ಪೂರ್ತಿ ಅಳಿಸಿಹೋಗಲಿಲ್ಲ. ಸೆಂಟ್ರಲ್ ಪಾರ್ಕಿನ ಹಿಂದಿನ ರಾತ್ರಿ, ಜೂನ್ 30ರಂದು, ಪ್ರಾವಿಡೆನ್ಸ್ ಅನ್ನುವ ಊರಿನಲ್ಲಿ ನುಡಿಸಿದ ಒಂದು ಮನೋಧರ್ಮದ ತುಣುಕನ್ನು 'ರೆಡ್'ನಲ್ಲೇ ಸೇರಿಸಿದ್ದಾರೆ, ಊರಿನ ಹೆಸರೇ ಅದರ ಹೆಸರು. ಶುರುವಿನಲ್ಲಿ ಪಿಟೀಲು ಹೆಚ್ಚುಕಮ್ಮಿ ಒಂಟಿ. ಕತ್ತಲೆ ಮನೆಯಲ್ಲಿ ಸ್ವಿಚ್ಚು ತಡಕಾಡಿದ ಹಾಗಿದೆ. ಅದೇ ರಾತ್ರಿಯ 'ಸ್ಟಾರ್‌ಲೆಸ್' ಕೂಡ 1992ರ 'ದ ಗ್ರೇಟ್ ಡಿಸೀವರ್' ಪೆಟ್ಟಿಗೆಯಲ್ಲಿ ಹೊರಬಂತು. ಅದರಲ್ಲಿ ಆ ಸಾಲು ಪಿಟೀಲಿನಲ್ಲೇ ಇದೆ. ಗಿಟಾರಿನಷ್ಟು ಗಟ್ಟಿ ಇಲ್ಲ, ಸ್ವಲ್ಪ ನಡುಗುತ್ತೆ. ಕೈಬಿಟ್ಟರೆ ಬಿದ್ದೇಹೋಗುತ್ತೇನೆ ಅನ್ನೋ ಹಾಗೆ. ನನಗೆ ಅದೇ ಬೇಕು. ಗಿಟಾರಿನದು ಶೋಕಗೀತೆ ಇರಬಹುದು, ಪಿಟೀಲಿನದು ಶೋಕ.

ಕ್ರಾಸ್ ಮುಂದೆ ನಾಟಕಗಳಿಗೆ ಸಂಗೀತ ಮಾಡಿದ, ಪಾಠ ಹೇಳಿದ, ಸ್ವಂತ ತಂಡ ಕಟ್ಟಿದ. 2015ರಲ್ಲಿ ಒಂದು ಆಲ್ಬಮ್ಮು ಬಂತು, 'ಸ್ಟಾರ್‌ಲೆಸ್ ಸ್ಟಾರ್‌ಲೈಟ್'. ಮುಖಪುಟದಲ್ಲಿ ಇಬ್ಬರ ಹೆಸರು, ಡೇವಿಡ್ ಕ್ರಾಸ್ ಮತ್ತು ರಾಬರ್ಟ್ ಫ್ರಿಪ್. ಆಲ್ಬಮ್ಮಿನ ಉದ್ದಕ್ಕೂ ಅದೇ ಸಾಲಿನ ನೆರಳು. ಡ್ರಮ್ಸಿಲ್ಲ, ಬೇಸಿಲ್ಲ. ಗಿಟಾರು ಹಿಂದೆ ಮಂಜಿನ ಹಾಗೆ ಹರಡಿಕೊಂಡಿದೆ, ಪಿಟೀಲು ಮುಂದೆ. ನಲವತ್ತೊಂದು ವರ್ಷ!

ಅದನ್ನು ಪೂರ್ತಿ ಕೇಳಿದ ಮಾರನೇ ದಿನ ಮಂಚದ ಕೆಳಗಿನಿಂದ ಪೆಟ್ಟಿಗೆ ಎಳೆದೆ. ಎರಡು ತಂತಿ ಹೋಗಿದ್ದವು, ಕಮಾನಿನ ಕೂದಲನ್ನು ಹುಳ ತಿಂದಿತ್ತು. ಬಳೇಪೇಟೆಗೆ ಹೋಗಿ ತಂತಿ ಹಾಕಿಸಿ, ಕಮಾನು ಕಟ್ಟಿಸಿಕೊಂಡು ಬಂದೆ. ಒಂದು ಸಿನಿಮಾ ಲೇಖನದ ಸಂಭಾವನೆ ಅಲ್ಲಿಗೇ ಖಲಾಸ್. ಶ್ರೀರಾಮಪುರದ ನನ್ನ ಬಾಡಿಗೆ ಕೋಣೆಗೆ ಒಂದೇ ಕಿಟಕಿ. ರಾತ್ರಿ ಮೊಬೈಲಿನಲ್ಲಿ ಪ್ರಾವಿಡೆನ್ಸಿನ ರಾತ್ರಿ ಹಾಕಿಕೊಂಡು ಕ್ರಾಸ್ ಜೊತೆ ಆ ಸಾಲು ಹಿಡಿಯಲು ಕೂತೆ. ಶ್ರುತಿ ಕೈಗೆ ಸಿಗದು, ಬೆರಳು ಕೇಳದು. ಹತ್ತನೇ ಸಲಕ್ಕೋ ಹನ್ನೊಂದನೇ ಸಲಕ್ಕೋ ಎರಡು ಸ್ವರ ಸರಿಯಾಗಿ ಕೂತವು.

ಪಕ್ಕದ ಮನೆಯ ಅಜ್ಜಿ ಗೋಡೆ ತಟ್ಟಿದರು. 'ಏನಪ್ಪಾ ಅದು, ರಾತ್ರಿ ಹನ್ನೊಂದು ಗಂಟೇಲಿ ಪಿಟೀಲು ಕುಯ್ತಿದ್ದೀಯಾ?'

'ಕೇಳಿಸ್ತಾ ಅಜ್ಜಿ?' ಅಂದೆ.

'ಕೇಳಿಸ್ದೇ ಏನು!' ಅಂದರು.