ಹೈಲಕ್ಸ್‌ನ ಚೈನು ಮತ್ತು ಬೆಲ್ಟು

ಎಂಬತ್ತರ ದಶಕದ ಕೊನೆಗೆ ನಾನು ಶಾರ್ಜಾದ ಇಂಡಸ್ಟ್ರಿಯಲ್ ಏರಿಯಾದ ಗ್ಯಾರೇಜೊಂದಕ್ಕೆ ಸೇರಿದಾಗ ಅಲ್ಲಿ ಎತ್ತ ನೋಡಿದರೂ ಟೊಯೊಟಾ ಹೈಲಕ್ಸ್ ಪಿಕಪ್‌ಗಳೇ. ತರಕಾರಿ, ಸಿಮೆಂಟು, ಆಡು ಎಲ್ಲಕ್ಕೂ ಅದೇ ಗಾಡಿ. ಪೆಟ್ರೋಲಿನ 22ಆರ್ ಎಂಜಿನ್ನಿಗೆ ಟೈಮಿಂಗ್ ಚೈನು, ಡೀಸೆಲಿನ 2ಎಲ್‌ಗೆ ರಬ್ಬರ್ ಬೆಲ್ಟು. ಪಿಸ್ಟನ್ನುಗಳು ತಿರುಗಿಸುವ ಕ್ರ್ಯಾಂಕ್ ಎರಡು ಸುತ್ತು ಬಂದಾಗ ವಾಲ್ವ್ ತೆರೆಯುವ ಕ್ಯಾಮ್ ಒಂದೇ ಸುತ್ತು ಬರಬೇಕು. ಆ ಲೆಕ್ಕ ತಪ್ಪದಂತೆ ಕಾಯುವುದೇ ಎರಡರ ಕೆಲಸ.

ಚೈನಿನ ಗಾಡಿ ಬಂದರೆ ಬೈಂದೂರು ಕಡೆಯ ನಮ್ಮ ಉಸ್ತಾದರು ರಾತ್ರಿಯಿಡೀ ನಿಲ್ಲಿಸಿಕೊಂಡು, ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿಸುತ್ತಿದ್ದರು. ಮುಂಭಾಗದಲ್ಲಿ ಗಲಗಲ ಸದ್ದು ಕೇಳಿದರೆ ಪ್ಲಾಸ್ಟಿಕ್ ಗೈಡ್ ಸವೆದು ಮುರಿದಿದೆಯೆಂದು ತಿಳಿಯುತ್ತಿದ್ದರು. ಕವರ್ ಬಿಚ್ಚಿ ಒಳಮೈ ಸವರಿದರೆ ಸಡಿಲ ಚೈನು ಕೊರೆದ ಗೆರೆ ಬೆರಳಿಗೆ ತಾಗುತ್ತಿತ್ತು. ಅದರಾಚೆಗೇ ಕೂಲಂಟ್ ಹರಿಯುವ ದಾರಿ. ಕೊರೆತ ಅಲ್ಲಿಯವರೆಗೆ ಹೋದರೆ ನೀರು ಬೆರೆತು ಆಯಿಲ್ ಹಾಲು ಹಾಕಿದ ಚಹಾದಂತಾಗುತ್ತಿತ್ತು.

“ಚೈನು ಕೂಗಿ ಹೇಳ್ತದೆ ಮಾರಾಯಾ, ಬೆಲ್ಟ್ ಹೇಳದೆ ಹೋಗ್ತದೆ” ಎನ್ನುತ್ತಿದ್ದರು ಉಸ್ತಾದರು. 1,00,000 ಕಿಲೋಮೀಟರಿಗೆ ಬದಲಿಸಬೇಕಾದ ಬೆಲ್ಟನ್ನು ಮುಂದಿನ ತಿಂಗಳು ನೋಡುವ ಎಂದು ಬಿಟ್ಟವರ ಗಾಡಿ ರಿಕವರಿ ವಾಹನದ ಮೇಲೇರಿ ಬರುತ್ತಿತ್ತು. ಬೆಲ್ಟ್ ಹರಿದರೆ ಕ್ಯಾಮ್ ನಿಲ್ಲುತ್ತದೆ, ಪಿಸ್ಟನ್ ನಿಲ್ಲುವುದಿಲ್ಲ. ತೆರೆದೇ ಉಳಿದ ವಾಲ್ವಿಗೆ ಬಡಿಯುತ್ತದೆ. ಬೆಲ್ಟಿನಲ್ಲಿ ಮುಗಿಯಬೇಕಿದ್ದ ಖರ್ಚು ಹೆಡ್ ಇಳಿಸುವವರೆಗೆ ಹೋಗುತ್ತಿತ್ತು. ಹೊಸ ಬೆಲ್ಟ್ ಹಾಕಿದ ಮೇಲೆ ಸ್ಪ್ಯಾನರ್ ಹಿಡಿದು ಕ್ರ್ಯಾಂಕನ್ನು ಕೈಯಲ್ಲೇ ಎರಡು ಸುತ್ತು ತಿರುಗಿಸಿ, ಮಾರ್ಕುಗಳು ಮತ್ತೆ ಕೂಡಿದವೇ ಎಂದು ನೋಡದೆ ಉಸ್ತಾದರು ಚಾವಿಗೆ ಕೈಹಾಕಲು ಬಿಡುತ್ತಿರಲಿಲ್ಲ. ಇವತ್ತಿಗೂ ನನ್ನ ಕೈ ಆ ಕ್ರಮ ಬಿಟ್ಟಿಲ್ಲ.

ಮುಂದೆ 2ಕೆಡಿ ಡೀಸೆಲ್ ಎಂಜಿನ್ ಬಂತು. ಬೆಲ್ಟಿನ ಆಯುಷ್ಯ 1,50,000 ಕಿಲೋಮೀಟರಿಗೆ ಏರಿತು. ಗಡುವು ಬಂದಾಗ ಡ್ಯಾಶ್‌ಬೋರ್ಡಿನಲ್ಲಿ ದೀಪ ಹತ್ತುತ್ತಿತ್ತು. ಇದೇ ಎಂಜಿನ್ 2005ರಲ್ಲಿ ಇನ್ನೋವಾದೊಂದಿಗೆ ನಮ್ಮ ಬಿಡದಿಯ ಟೊಯೊಟಾ ಕಾರ್ಖಾನೆಗೂ ಬಂತು. 2015ರ ಜಿಡಿ ಎಂಜಿನ್ನುಗಳಲ್ಲಿ ಬೆಲ್ಟಿನ ಜಾಗಕ್ಕೆ ಚೈನು ಕೂತಿತು. 2022ರಲ್ಲಿ ಭಾರತಕ್ಕೆ ಬಂದ ಹೈಲಕ್ಸ್‌ನಲ್ಲೂ ಚೈನೇ. ವರ್ಷ ಹೋದಂತೆ ಗ್ಯಾರೇಜಿನಲ್ಲಿ ಬೆಲ್ಟಿನ ಕೆಲಸ ಕಡಿಮೆಯಾಯಿತು.

ಇದು ಒಳ್ಳೆಯ ಬದಲಾವಣೆಯೇ. ಆದರೆ ಚೈನಿದ್ದರೆ ನೋಡುವ ಅಗತ್ಯವೇ ಇಲ್ಲವೆಂಬ ನಂಬಿಕೆಯೂ ಜೊತೆಗೇ ಬೆಳೆದದ್ದು ನನಗೆ ಬೇಸರ. ಚೈನನ್ನು ಬಿಗಿ ಹಿಡಿಯುವ ಟೆನ್ಷನರ್ ನಡೆಯುವುದು ಆಯಿಲಿನ ಒತ್ತಡದಿಂದ. ಆಯಿಲ್ ಕೆಟ್ಟರೆ, ಕಡಿಮೆಯಾದರೆ ಚೈನು ಸವೆದು ಉದ್ದವಾಗುತ್ತದೆ. ಚೈನಿನ ಗಾಡಿಯವರು ಆಯಿಲ್ ಬದಲಿಸುವ ಗಡುವು ಮೀರಬೇಡಿ. ಬೆಲ್ಟಿನ ಹಳೆಯ ಗಾಡಿ ಕೊಳ್ಳುವವರು ದೀಪ ಹತ್ತಿಲ್ಲವೆಂದು ನಂಬಬೇಡಿ. ಬೆಲ್ಟ್ ಬದಲಿಸದೆಯೂ ಆ ದೀಪ ಆರಿಸಬಹುದು. ಬಿಲ್ ಕೇಳಿ. ಬಿಲ್ ಇಲ್ಲದಿದ್ದರೆ ಮೊದಲ ಖರ್ಚು ಬೆಲ್ಟಿಗೇ ಇರಲಿ.