ಭುಜಬಲ ಚಕ್ರವರ್ತಿ

ಮಲಾಡಿನ ನಮ್ಮ ಸೊಸೈಟಿಯ ಮೂರನೇ ಮಹಡಿಯ ಕಾಕೂ ಊರಿಗೆ ಹೋಗಿ ಬಂದಾಗಲೆಲ್ಲ ನಮಗೆ ಜೋಳದ ಹಿಟ್ಟು ಕಳಿಸುತ್ತಾರೆ. ಅವರದು ಸೊಲ್ಲಾಪುರ ಜಿಲ್ಲೆಯ ಮಂಗಳವೇಢೆ. ಚೋಖಾಮೇಳರ ಊರು, ದಾಮಾಜಿಪಂತರ ಊರು ಎಂದು ಹೆಮ್ಮೆಯಿಂದ ಹೇಳುತ್ತಾರೆ. ‘ಬಿಜ್ಜಳನ ಊರೂ ಹೌದಲ್ಲ ಕಾಕೂ?’ ಎಂದೆ. ‘ಯಾರವನು?’ ಎಂದರು.

ಲಿಂಗಾಯತ ಮನೆಯಲ್ಲಿ ಬೆಳೆದ ನನಗೆ ಆ ಹೆಸರು ಬೈಗುಳದಂತೆಯೇ ಕೇಳಿಸುತ್ತಿತ್ತು. ಶರಣರ ಕತೆಗಳಲ್ಲಿ ಅವನು ಹರಳಯ್ಯ, ಮಧುವರಸರಿಗೆ ಘೋರ ಶಿಕ್ಷೆ ಕೊಟ್ಟವನು. ಅವನ ಪರ ವಾದಿಸಲು ಇದನ್ನು ಬರೆಯುತ್ತಿಲ್ಲ. ಅವನು ಸಿಂಹಾಸನದವರೆಗೆ ಬಂದದ್ದು ಹೇಗೆ ಎಂಬುದಷ್ಟೇ ನನ್ನ ಪ್ರಶ್ನೆ.

ಬಿಜ್ಜಳ ಕಲ್ಯಾಣದ ಚಾಲುಕ್ಯರ ಮಹಾಮಂಡಲೇಶ್ವರ, ಅರಮನೆ ನೆಚ್ಚಿದ್ದ ಸೇನಾನಿ. ದೊರೆ ಮೂರನೇ ತೈಲಪನನ್ನು ಕಾಕತೀಯ ಪ್ರೋಲ ಸೆರೆಹಿಡಿದು, ಬಿಟ್ಟು ಕಳಿಸಿದ್ದ. ಅಂಥ ದೊರೆಗೆ ಬಿಜ್ಜಳನಿಲ್ಲದೆ ದಾರಿಯಿರಲಿಲ್ಲ. ಅಧಿಕಾರ ಒಂದೊಂದಾಗಿ ಅವನ ಕೈಸೇರಿತು. 1157ರ ಹೊತ್ತಿಗೆ ಅವನ ಶಾಸನಗಳು ಅವನದೇ ಆಳ್ವಿಕೆಯ ವರ್ಷ ಎಣಿಸತೊಡಗಿದವು. 1162ರಲ್ಲಿ ಪೂರ್ತಿ ಸ್ವತಂತ್ರನಾದ. ‘ಭುಜಬಲ ಚಕ್ರವರ್ತಿ’ ಎಂಬುದು ಅವನ ಬಿರುದು.

ಅದಕ್ಕೂ ಸುಮಾರು 1300 ವರ್ಷ ಹಿಂದೆ, ಸಿರಿಯಾದಲ್ಲಿ ಗ್ರೀಕ್ ಮೂಲದ ಸೆಲ್ಯೂಸಿಡ್ ಅರಸರ ದಂಡನಾಯಕ ಡಿಯೊಡೊಟಸ್ ಟ್ರೈಫನ್ ಇದೇ ದಾರಿ ಹಿಡಿದಿದ್ದ. ರಾಜವಂಶದ ಪುಟ್ಟ ಹುಡುಗನನ್ನು ಪಟ್ಟಕ್ಕೆ ಕೂರಿಸಿ, ಆಮೇಲೆ ತಾನೇ ಅರಸನಾದ. ಆ ವಂಶದ ಶಕೆ ಬಿಟ್ಟು ತನ್ನ ವರ್ಷ ಎಣಿಸಿದ. ನಾಣ್ಯಗಳ ಮೇಲೆ ‘ಆಟೊಕ್ರೇಟರ್’ ಎಂದು ಬರೆಸಿಕೊಂಡ; ಯಾರ ಹಂಗೂ ಇಲ್ಲದ ಅಧಿಕಾರಿ ಎಂದರ್ಥ. ಕೆಲವೇ ವರ್ಷಗಳಲ್ಲಿ ಹಳೆಯ ವಂಶದ ಏಳನೇ ಆಂಟಿಯೋಕಸ್ ಬಂದು ಅವನನ್ನು ಮುಗಿಸಿದ.

ತೋಳ್ಬಲವೇ ಪಟ್ಟದ ಹಕ್ಕು ಎಂದು ಸಾರಿದವನು ಪಕ್ಕದಲ್ಲಿ ನಿಂತ ಬಲಶಾಲಿಗೂ ಆ ಹಕ್ಕು ಕೊಟ್ಟಂತೆಯೇ. ಬಿಜ್ಜಳನ ಆಳ್ವಿಕೆ 1167ರ ಸುಮಾರಿಗೆ ಮುಗಿಯಿತು. ಮಕ್ಕಳು ಒಬ್ಬರಾದ ಮೇಲೊಬ್ಬರು ಪಟ್ಟವೇರಿದರು. 1183ರ ಸುಮಾರಿಗೆ ಬ್ರಹ್ಮನೆಂಬ ಇನ್ನೊಬ್ಬ ದಂಡನಾಯಕನ ನೆರವಿನಿಂದ ಚಾಲುಕ್ಯ ನಾಲ್ಕನೇ ಸೋಮೇಶ್ವರ ಕಲ್ಯಾಣವನ್ನು ಮರಳಿ ಪಡೆದ. ಅದೂ ನಿಲ್ಲಲಿಲ್ಲ, ಸೇವುಣರೂ ಹೊಯ್ಸಳರೂ ರಾಜ್ಯ ಹಂಚಿಕೊಂಡರು.

ಖಳ ಎಂದು ಕರೆದು ಕೈತೊಳೆದುಕೊಂಡರೆ ನಮಗೆ ನಿರಾಳ. ಆದರೆ ಕಷ್ಟಕಾಲದಲ್ಲಿ ಒಬ್ಬನನ್ನೇ ನೆಚ್ಚಿ, ಬೊಕ್ಕಸ, ಸೇನೆ, ಕೋಟೆಯನ್ನೆಲ್ಲ ಅವನಿಗೆ ಒಪ್ಪಿಸಿದವರನ್ನು ಯಾವ ಕತೆಯೂ ಬೈಯುವುದಿಲ್ಲ.