ಡಾಲರ್ ಗುರುತು, ಹ್ಯಾಶ್ ಗುರುತು



ಬಿನ್ನಿಪೇಟೆ ಮನೇಲಿರೋ ಹಳೇ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿದ್ದೀನಿ. ಟರ್ಮಿನಲ್ ತೆಗೆದರೆ ಯಾರು, ಯಾವ ಯಂತ್ರ ಅಂತ ಒಂದು ಸಾಲು ಬರುತ್ತೆ, ಅದೇ ಪ್ರಾಂಪ್ಟ್. ಬ್ಯಾಶ್‌ಆರ್‌ಸಿ ಫೈಲಲ್ಲಿ ಪಿಎಸ್1 ತಿದ್ದಿ, 34ನೇ ನಂಬರಿನ ನೀಲಿ ಕೊಟ್ಟು, 'ಜೈ ಭೀಮ್' ಅಂತ ಬರೆದೆ. ಖುಷಿಯಾಯ್ತು.

"ಅಪ್ಪಾ, ಕೊನೇಲಿರೋ ಡಾಲರ್ ತೆಗೆದು ಹ್ಯಾಶ್ ಹಾಕು. ರೂಟ್‌ಗೆ ಅದೇ ಬರೋದು" ಅಂದಳು ಮಗಳು. ಹಾಕಿದೆ. ಸಿಸ್ಟಂ ಫೈಲ್ ತಿದ್ದೋಕೆ ಹೋದರೆ, ಪರ್ಮಿಷನ್ ಡಿನೈಡ್! ಯಂತ್ರ ಗುರುತು ನೋಡಲ್ಲ, ಯೂಸರ್ ಐಡಿ ಸೊನ್ನೆ ಇದೆಯಾ ಅಂತ ನೋಡುತ್ತೆ.

ನಮ್ಮ ಆಫೀಸ್ ಗೋಡೆ ಮೇಲೂ ಬಾಬಾಸಾಹೇಬರ ಫೋಟೋ ಇದೆ. ಅದರ ಕೆಳಗೇ ನಮ್ಮವರ ಬಡ್ತಿ ಫೈಲು ಕೊಳೀತಿದೆ.

ನೀಲಿ ಇರಲಿ, ತೆಗೆಯಲ್ಲ. ಸೋಮವಾರ ಆರ್‌ಟಿಐ ಅರ್ಜಿ ಹಾಕ್ತಿದ್ದೀನಿ.